ಕಪ್ಪೆಗಳು ಸುಮ್ಮನಾದಾಗ: ಒಂದು ವಿಡಿಯೋ ಗೇಮಿನ ಧ್ವನಿ ವಿನ್ಯಾಸದ ಪ್ರಕರಣ

ಹಿನ್ನೆಲೆ

ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಏಳು ಜನ ಸೇರಿ ಕಟ್ಟಿದ ಆಟದ ಪ್ರಕರಣವಿದು. ತಂಡದ ಹೆಸರನ್ನೂ ಆಟದ ಹೆಸರನ್ನೂ ಬಿಟ್ಟಿದ್ದೇವೆ. ಗುರುತು ಸಿಗಬಾರದೆಂದು ಕಥೆಯ ಕೆಲವು ವಿವರಗಳನ್ನು ಬದಲಿಸಿದ್ದೇವೆ. ಧ್ವನಿಗೆ ಸಂಬಂಧಪಟ್ಟ ತೀರ್ಮಾನಗಳನ್ನು, ಅವುಗಳ ಹಿಂದಿನ ಕಾರಣಗಳನ್ನು ಮಾತ್ರ ಬಿಡಿಸಿ ಹೇಳಿದ್ದೇವೆ.

ಆಟ ಇಷ್ಟು. ಮಳೆಗಾಲದ ಮಲೆನಾಡು, ರಾತ್ರಿ ಹೊತ್ತು. ಅಡಿಕೆ ತೋಟದ ನಡುವೆ ಪಾಳುಬಿದ್ದ ಹಂಚಿನ ಮನೆ. ಆಡುವವರು ಆ ಮನೆಯ ಮೊಮ್ಮಗಳಾಗಿ ತೋಟ, ಹಳ್ಳ, ಕೊಟ್ಟಿಗೆ ದಾಟಿ ಹಳೆಯ ಕಾಗದಪತ್ರಗಳನ್ನು ಹುಡುಕಬೇಕು. ಏನೋ ಒಂದು ಅವಳ ಬೆನ್ನು ಹತ್ತಿರುತ್ತದೆ. ಅದು ಕಣ್ಣಿಗೆ ಬೀಳುವುದು ಐದು ಮೀಟರಿನೊಳಗೆ ಬಂದ ಮೇಲೆ, ಅಷ್ಟು ಹೊತ್ತಿಗೆ ಓಡಿ ಪ್ರಯೋಜನವಿಲ್ಲ. ಪರದೆಯ ಮೇಲೆ ನಕ್ಷೆಯಿಲ್ಲ, ಬಾಣದ ಗುರುತಿಲ್ಲ, ಅಪಾಯ ತೋರಿಸುವ ಕೆಂಪು ಅಂಚೂ ಇಲ್ಲ. ಕತ್ತಲಲ್ಲಿ ನಿಂತು ಕಿವಿಗೊಟ್ಟು ಕೇಳಬೇಕು, ಅದು ಯಾವ ಕಡೆ ಇದೆ ಎಂದು ತೀರ್ಮಾನಿಸಬೇಕು, ಆಮೇಲೆ ಹೆಜ್ಜೆ ಇಡಬೇಕು. ಆಟವನ್ನು ಯೂನಿಟಿ ಎಂಬ ಗೇಮ್ ಎಂಜಿನ್ನಿನಲ್ಲಿ (ಆಟ ಕಟ್ಟುವ ತಂತ್ರಾಂಶ), ಕಂಪ್ಯೂಟರಿಗೂ ಆಂಡ್ರಾಯ್ಡ್ ಫೋನಿಗೂ ಸೇರಿ ತಯಾರಿಸುತ್ತಿದ್ದರು.

ಇಷ್ಟೆಲ್ಲ ಕಿವಿಯ ಮೇಲೆ ನಿಂತ ಆಟಕ್ಕೆ ಏಳು ಜನರಲ್ಲಿ ಧ್ವನಿಯವರು ಒಬ್ಬರೂ ಇರಲಿಲ್ಲ. ಹದಿನಾಲ್ಕು ತಿಂಗಳ ಯೋಜನೆಯಲ್ಲಿ ಹನ್ನೊಂದನೇ ತಿಂಗಳಿಗೆ ಒಬ್ಬ ಧ್ವನಿ ವಿನ್ಯಾಸಕಿಯನ್ನು ಗುತ್ತಿಗೆಯ ಮೇಲೆ ಕರೆಯುವುದು, ಅಲ್ಲಿಯವರೆಗೆ ಕೊಂಡ ಧ್ವನಿ ಸಂಗ್ರಹಗಳಿಂದ ಕೆಲಸ ಸಾಗಿಸುವುದು ಎಂದು ಲೆಕ್ಕ ಹಾಕಿದ್ದರು. ಮನೆ ಕಟ್ಟಿ ಮುಗಿದ ಮೇಲೆ ಗೋಡೆಗೆ ಬಳಿಯುವ ಸುಣ್ಣದ ಹಾಗೆ ಧ್ವನಿಯನ್ನು ಕೊನೆಗಿಟ್ಟಿದ್ದರು. ಈ ತಪ್ಪು ಇವರೊಬ್ಬರದಲ್ಲ. ಸಣ್ಣ ತಂಡಗಳಲ್ಲಿ ಇದೇ ರೂಢಿ.

ಸಮಸ್ಯೆ

ಹನ್ನೊಂದನೇ ತಿಂಗಳ ಹೊತ್ತಿಗೆ ಹೊರಗಿನವರನ್ನು ಕರೆಸಿ ಆಡಿಸಿ ನೋಡಿದಾಗ ಒಂದೇ ದೂರು ಮತ್ತೆ ಮತ್ತೆ ಬಂತು. "ಅದು ಎಲ್ಲಿಂದ ಬಂತು ಅಂತಾನೇ ಗೊತ್ತಾಗ್ಲಿಲ್ಲ." ಸಾಯುವುದರ ಬಗ್ಗೆ ಯಾರಿಗೂ ಬೇಸರವಿರಲಿಲ್ಲ, ಕಾರಣವಿಲ್ಲದೆ ಸಾಯುವುದರ ಬಗ್ಗೆ ಇತ್ತು. ಫೋನಿನಲ್ಲಿ ಆಡಿದವರು ಇಪ್ಪತ್ತು ನಿಮಿಷಕ್ಕೆಲ್ಲ ಸದ್ದು ಸಾಕಾಗಿದೆ ಎಂದು ಶಬ್ದವನ್ನೇ ಇಳಿಸಿಬಿಡುತ್ತಿದ್ದರು. ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಆಟದ ಮಧ್ಯೆ ಇಯರ್‌ಫೋನ್ ತೆಗೆದು, "ಇದು ನಮ್ಮ ಕಡೆ ಕಪ್ಪೆ ಅಲ್ಲ" ಎಂದ.

ಅವನು ಹೇಳಿದ್ದು ನಿಜ. ಕೊಂಡ ಸಂಗ್ರಹದಲ್ಲಿದ್ದ "ರಿಬಿಟ್, ರಿಬಿಟ್" ಎನ್ನುವ ಕಪ್ಪೆ ಅಮೆರಿಕದ ಪಶ್ಚಿಮ ಕರಾವಳಿಯ ಒಂದು ಸಣ್ಣ ಮರಗಪ್ಪೆ. ಹಾಲಿವುಡ್ಡಿನ ಅಕ್ಕಪಕ್ಕದಲ್ಲೇ ಸಿಗುತ್ತಿದ್ದ ಅದರ ಕೂಗನ್ನು ಚಿತ್ರಗಳಲ್ಲಿ ಬಳಸಿ ಬಳಸಿ, ಜಗತ್ತಿನ ಎಲ್ಲ ಕಪ್ಪೆಗಳೂ ಹಾಗೇ ಕೂಗುತ್ತವೆ ಎಂಬ ಭಾವನೆ ಬೆಳೆದುಬಿಟ್ಟಿದೆ. ಪಶ್ಚಿಮ ಘಟ್ಟದ ರಾತ್ರಿಯಲ್ಲಿ ಅದಕ್ಕೆ ಜಾಗವಿಲ್ಲ.

ವಿನ್ಯಾಸಕಿ ಮೊದಲ ಮೂರು ದಿನ ಹೊಸ ಸದ್ದು ಯಾವುದನ್ನೂ ಮಾಡಲಿಲ್ಲ. ಇದ್ದದ್ದನ್ನು ಬಿಚ್ಚಿ ನೋಡಿದರು. ನಾಲ್ಕು ದೋಷ ಒಂದರ ಮೇಲೊಂದು ಕುಳಿತಿದ್ದವು. ಅವು ಎಷ್ಟೋ ಯೋಜನೆಗಳಲ್ಲಿ ಹೀಗೇ ಇರುವುದರಿಂದ ವಿವರವಾಗಿ ನೋಡುವುದು ಒಳ್ಳೆಯದು.

ಮೊದಲನೆಯದು ದನಿಗಳ ಸಂಖ್ಯೆ. ಯೂನಿಟಿಯಲ್ಲಿ ಏಕಕಾಲಕ್ಕೆ ನಿಜವಾಗಿ ಕೇಳಿಸುವ ದನಿಗಳ ಮಿತಿ ತಾನಾಗಿಯೇ 32ಕ್ಕೆ ಇಟ್ಟಿರುತ್ತದೆ. ಇಲ್ಲಿ ಪ್ರೋಗ್ರಾಮರ್ ಬಹಳ ಮುತುವರ್ಜಿಯಿಂದ ಎಲೆಯ ಮೇಲೆ ಬೀಳುವ ಒಂದೊಂದು ಹನಿಗೂ ಬೇರೆ ಬೇರೆ ಸದ್ದು ಕೊಟ್ಟಿದ್ದ. ಮಳೆ ಜೋರಾದ ಕೂಡಲೇ 32 ದನಿಗಳೂ ಹನಿಗಳ ಪಾಲು. ಪ್ರತಿ ಸದ್ದಿಗೂ 0ಯಿಂದ 256ರವರೆಗೆ ಆದ್ಯತೆ ಕೊಡಬಹುದು, ಸಂಖ್ಯೆ ಸಣ್ಣದಾದಷ್ಟೂ ಆದ್ಯತೆ ಹೆಚ್ಚು. ಯಾರೂ ಮುಟ್ಟದ ಕಾರಣ ಎಲ್ಲವೂ 128ರಲ್ಲೇ ಇದ್ದವು. ಹನಿಯೂ ಒಂದೇ, ಸಾವೂ ಒಂದೇ. ಹಿಂಬಾಲಿಸುವ ಜೀವದ ಹೆಜ್ಜೆ ಎಷ್ಟೋ ಸಲ ಕೇಳಿಸದೇ ಹೋಗಿದ್ದು ಹೀಗೆ.

ಎರಡನೆಯದು ದೂರದ ಲೆಕ್ಕ. ಸದ್ದು ಕುಗ್ಗುವ ರೇಖೆಯಲ್ಲಿ ಕನಿಷ್ಠ ದೂರ, ಅಂದರೆ ಸದ್ದು ಕುಗ್ಗತೊಡಗುವ ದೂರ, ಒಂದು ಮೀಟರ್ ಎಂದೇ ಉಳಿದಿತ್ತು. ಆ ರೇಖೆಯಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 2 ಮೀಟರಿಗೆ 6, 4ಕ್ಕೆ 12, 8ಕ್ಕೆ 18, 16ಕ್ಕೆ 24. ಎಚ್ಚರಿಕೆ ಸಿಗಬೇಕಾದ ಹದಿನಾರು ಮೀಟರಿನಲ್ಲಿ ಹೆಜ್ಜೆ ಸದ್ದು 24 ಡೆಸಿಬೆಲ್ ಕುಗ್ಗಿ ಮಳೆಯೊಳಗೆ ಕರಗಿರುತ್ತಿತ್ತು.

ಮೂರನೆಯದು ಸ್ಟೀರಿಯೋ. ಹೆಜ್ಜೆಯ ಕಡತಗಳು ಸ್ಟೀರಿಯೋದಲ್ಲಿದ್ದವು, ರೆಕಾರ್ಡ್ ಮಾಡಿದ ಕೋಣೆಯ ಮೊಳಗೂ ಅವುಗಳೊಳಗೇ ಅಂಟಿಕೊಂಡಿತ್ತು. ಬಯಲಿನಲ್ಲಿ ಒಂದು ಬಿಂದುವಿನಿಂದ ಬರಬೇಕಾದ ಸದ್ದು ಮೋನೋ, ಅಂದರೆ ಎಡ-ಬಲ ಎಂದಿಲ್ಲದ ಒಂದೇ ವಾಹಿನಿಯದ್ದಾಗಿರಬೇಕು, ಮೊಳಗಿಲ್ಲದೆ ಒಣಗಿರಬೇಕು. ಮೊಳಗನ್ನು ಆಟವೇ ಜಾಗಕ್ಕೆ ತಕ್ಕಂತೆ ಸೇರಿಸಬೇಕು.

ನಾಲ್ಕನೆಯದೇ ಮುಖ್ಯ, ಮುಚ್ಚಿಹೋಗುವಿಕೆ, ಅಂದರೆ ಒಂದು ಸದ್ದಿನಡಿ ಇನ್ನೊಂದು ಕೇಳಿಸದಾಗುವುದು. ಮಳೆ ಎಂದರೆ ಹೆಚ್ಚುಕಡಿಮೆ ಎಲ್ಲ ಕಂಪನಾಂಕಗಳನ್ನೂ ತುಂಬುವ ಸದ್ದು. ಈ ಆಟದ ಮಳೆ 200 ಹರ್ಟ್ಸ್‌ನಿಂದ 12,000 ಹರ್ಟ್ಸ್‌ವರೆಗೆ ಗೋಡೆಯ ಹಾಗೆ ನಿಂತಿತ್ತು. ಅದರ ಮೇಲೆ ಜೀರುಂಡೆಗಳು 4,000ದಿಂದ 7,000ದವರೆಗೆ. ಜೀವದ ನಡಿಗೆಯಲ್ಲಿ ಎರಡು ಭಾಗ. ತೂಕ 150ರಿಂದ 400 ಹರ್ಟ್ಸ್‌ನಲ್ಲಿ, ಎಲೆ ಸರಿಯುವ ಸದ್ದು 3,000ದಿಂದ 6,000ದಲ್ಲಿ. ಸುಮಾರು 1,500 ಹರ್ಟ್ಸ್‌ಗಿಂತ ಕೆಳಗಿನ ಸದ್ದಿನ ದಿಕ್ಕನ್ನು ನಾವು ಎರಡು ಕಿವಿಗಳಿಗೆ ಅದು ತಲುಪುವ ಸಮಯದ ವ್ಯತ್ಯಾಸದಿಂದ ಅರಿಯುತ್ತೇವೆ, ಮೇಲಿನದನ್ನು ಗಟ್ಟಿತನದ ವ್ಯತ್ಯಾಸದಿಂದ. ಮುಂದೋ ಹಿಂದೋ ಎಂದು ಹೇಳುವುದು ಕಿವಿಯ ಹಾಲೆಯ ಆಕಾರ, ಅದಕ್ಕೆ ಏರು ಕಂಪನಾಂಕಗಳೇ ಬೇಕು. ಬೆನ್ನ ಹಿಂದೆ ಇದೆ ಎಂದು ಹೇಳಬೇಕಾಗಿದ್ದ ಎಲೆಯ ಸದ್ದು ಮಳೆ, ಜೀರುಂಡೆಗಳ ಅಡಿಯಲ್ಲಿ ಹೂತುಹೋಗಿತ್ತು. ಉಳಿದ ತೂಕದ ಸದ್ದನ್ನು ಫೋನಿನ ಸ್ಪೀಕರ್ ಹೊರಡಿಸಲಾರದು.

ಮೊದಲು ಮಾಡಿ ನೋಡಿದ್ದು

ವಿನ್ಯಾಸಕಿ ಬರುವ ಮೊದಲೇ ತಂಡ ತನಗೆ ತಿಳಿದ ಮದ್ದುಗಳನ್ನೆಲ್ಲ ಮಾಡಿತ್ತು. ಹೆಜ್ಜೆಯನ್ನು 6 ಡೆಸಿಬೆಲ್ ಏರಿಸಿದರು. ಹತ್ತಿರ ಬಂದಾಗ ಸದ್ದು ಒಡೆದು ಕರಕರ ಎಂದಿತು, ದೂರದಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಮಳೆಯನ್ನು ಇಳಿಸಿದರು. ಹೆಜ್ಜೆ ಕೇಳಿಸಿತು, ಆದರೆ ಮಲೆನಾಡು ಹೋಯಿತು. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಮಳೆಯ ಬದಲು ನಲ್ಲಿ ಸೋರಿದ ಹಾಗೆ ಕೇಳಿಸುತ್ತಿತ್ತು. ಅಪಾಯ ಹತ್ತಿರವಾದಾಗ ಎದೆಬಡಿತದ ಸದ್ದು ಹಾಕಿದರು. ಎದೆಬಡಿತಕ್ಕೆ ದಿಕ್ಕಿಲ್ಲ. ಆಡುವವರು ಕಾಡನ್ನು ಕೇಳುವುದು ಬಿಟ್ಟು ಎದೆಬಡಿತವನ್ನೇ ಕಾಯತೊಡಗಿದರು, ಅದು ಬಂದರೆ ಓಡು, ಇಲ್ಲದಿದ್ದರೆ ನಡೆ. ಕೊನೆಗೆ ದುಡ್ಡು ಕೊಟ್ಟು ಗುರುಗುಟ್ಟುವ ಸದ್ದೊಂದನ್ನು ಮಾಡಿಸಿ ತಂದರು. ಮೂರನೇ ಸಲ ಕೇಳುವ ಹೊತ್ತಿಗೆ ಅದರಿಂದ ಯಾರಿಗೂ ಹೆದರಿಕೆ ಆಗಲಿಲ್ಲ.

ಎದೆಬಡಿತ, ಗುರುಗುಟ್ಟುವಿಕೆ ಎರಡನ್ನೂ ತೆಗೆಯೋಣ ಎಂದು ವಿನ್ಯಾಸಕಿ ಹೇಳಿದ್ದು ಈ ಕೆಲಸದ ಮೊದಲ ತಿರುವು. ತಂಡದ ಮುಖ್ಯಸ್ಥರಿಗೆ ಇದು ಸುಲಭದ ಮಾತಾಗಿರಲಿಲ್ಲ.

"ಮೇಡಂ, ದುಡ್ಡು ಕೊಟ್ಟು ಮಾಡ್ಸಿದ್ದು. ಅದೂ ಇಲ್ದಿದ್ರೆ ಹೆದರಿಕೆ ಎಲ್ಲಿಂದ ಬರುತ್ತೆ?"

"ಗೊತ್ತಿಲ್ಲ ಸರ್. ಆದ್ರೆ ಇಲ್ಲಿಂದ ಬರ್ತಿಲ್ಲ ಅನ್ನೋದು ಗೊತ್ತು. ಎರಡು ವಾರ ಕೊಡಿ."

ಆಮೇಲೆ ಎಲ್ಲರೂ ಕುಳಿತು ಒಂದು ಹಾಳೆಯಲ್ಲಿ ಬರೆದರು. ಯಾವ ಸದ್ದು ಬೇಕು ಎಂದಲ್ಲ, ಪ್ರತಿ ಗಳಿಗೆಯಲ್ಲೂ ಆಡುವವರಿಗೆ ಏನು ತಿಳಿದಿರಬೇಕು ಎಂದು. ಚರ್ಚೆಯ ಕೊನೆಗೆ ಉಳಿದದ್ದು ಮೂರೇ. ಅದು ಯಾವ ದಿಕ್ಕಿನಲ್ಲಿದೆ, ಎಷ್ಟು ದೂರದಲ್ಲಿದೆ, ನನ್ನನ್ನು ಗಮನಿಸಿದೆಯೇ ಇಲ್ಲವೇ. ಆಟದಲ್ಲಿದ್ದ ಇನ್ನೂರಕ್ಕೂ ಹೆಚ್ಚು ಸದ್ದುಗಳಲ್ಲಿ ಬಹುಪಾಲಿನವು ಈ ಮೂರರಲ್ಲಿ ಒಂದಕ್ಕೂ ಉತ್ತರವಾಗಿರಲಿಲ್ಲ.

ತೋಟದಲ್ಲಿ ಒಂದು ರಾತ್ರಿ

ಮಲೆನಾಡಿನ ಸದ್ದನ್ನು ಮಲೆನಾಡಿನಲ್ಲೇ ಹಿಡಿಯಬೇಕೆಂದು ವಿನ್ಯಾಸಕಿ ಜುಲೈನಲ್ಲಿ ಐದು ದಿನ ಒಂದು ಅಡಿಕೆ ತೋಟದ ಮನೆಯಲ್ಲಿ ಉಳಿದರು. ಮಳೆಯಲ್ಲಿ ರೆಕಾರ್ಡಿಂಗ್ ಮಾಡಹೊರಟವರು ಸಾಮಾನ್ಯವಾಗಿ ಮೈಕಿನ ಮೇಲೆ ಕೊಡೆ ಹಿಡಿಯುತ್ತಾರೆ. ಕೊನೆಗೆ ಸಿಗುವುದು ಕೊಡೆಯ ಬಟ್ಟೆಯ ಮೇಲೆ ಮಳೆ ಬೀಳುವ ಸದ್ದು. ಮೈಕಿನ ರೋಮದ ಕವಚ ಗಾಳಿಗೆ ಸರಿ, ನೆನೆದ ಮೇಲೆ ಅದೂ ಪಟಪಟ ಎನ್ನುತ್ತದೆ. ಇಲ್ಲಿ ಉಪಯೋಗಕ್ಕೆ ಬಂದದ್ದು ಹೊಸಿಲಿನ ತೆಂಗಿನ ನಾರಿನ ಕಾಲೊರಸು. ನಾಲ್ಕು ಅಡಿಕೆ ದಬ್ಬೆ ನೆಟ್ಟು, ಮೈಕಿನಿಂದ ಒಂದೂವರೆ ಅಡಿ ಮೇಲೆ ಕಾಲೊರಸನ್ನು ಓರೆಯಾಗಿ ಕಟ್ಟಿದರು. ಹನಿ ನಾರಿನ ಸಂದುಗಳಲ್ಲಿ ಒಡೆದು ಸದ್ದಿಲ್ಲದೆ ಇಳಿಜಾರಿಗೆ ಹರಿದು ಹೋಗುತ್ತದೆ. ಗಂಟೆಗೊಮ್ಮೆ ಹಿಂಡಿ ಕಟ್ಟಬೇಕು ಅಷ್ಟೆ.

ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಆಮೇಲೆ ನಿಧಾನಗೊಳಿಸಿ ಬಳಸಬೇಕಾದವುಗಳಿಗೆ ಮಾತ್ರ 96. ಶಿಖರ ಮಟ್ಟ ಮೈನಸ್ 12 ಡೆಸಿಬೆಲ್ ದಾಟದಂತೆ. ಒಂದೊಂದು ಮೈಗೂ ಬೇರೆ ಬೇರೆ ಮಳೆ: ಹಂಚಿನ ಮಾಡು, ಕೊಟ್ಟಿಗೆಯ ತಗಡು, ಬಾಳೆ ಎಲೆ, ಬಿದ್ದ ಅಡಿಕೆ ಹಾಳೆ, ಅಂಗಳದ ಕೆಸರು, ಸೂರಿನಿಂದ ಹಂಡೆಗೆ ಬೀಳುವ ಧಾರೆ. ಬಾಳೆ ಎಲೆಯ ಮೇಲಿನ ಮಳೆಗೂ ಅಡಿಕೆ ಹಾಳೆಯ ಮೇಲಿನ ಮಳೆಗೂ ಇರುವ ವ್ಯತ್ಯಾಸ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಮೊದಲನೆಯದು ಮೆತ್ತಗೆ ಟಪ್ ಎಂದರೆ, ಎರಡನೆಯದು ಸಣ್ಣ ತಮಟೆ.

ಕಪ್ಪೆಗಳು ಮಾತ್ರ ಸಿಗಲಿಲ್ಲ. ಗದ್ದೆ ಅಂಚಿಗೆ ಹೋದರೆ ಎಲ್ಲ ಬಾಯಿ ಮುಚ್ಚುತ್ತಿದ್ದವು. ಎರಡು ರಾತ್ರಿ ಹೀಗೇ ಕಳೆಯಿತು. ಮೂರನೇ ದಿನ ತೋಟದ ಯಜಮಾನರು ಎಲೆ ಅಡಿಕೆ ಹಾಕುತ್ತಾ ಹೇಳಿದರು: "ನೀನು ಅಲ್ಲಿ ನಿಂತ್ರೆ ಅವು ಎಂಥಕ್ಕೆ ಕೂಗ್ತವೆ ಮಾರಾಯ್ತಿ? ಕಪ್ಪೆ ಸುಮ್ನಾಯ್ತು ಅಂದ್ರೆ ಹತ್ರ ಎಂತದೋ ಬಂತು ಅಂತಲೇ ಲೆಕ್ಕ. ಪೆಟ್ಟಿಗೆ ಇಟ್ಟು ನೀನು ಮನೆಗೆ ಬಾ."

ಅಂದು ರಾತ್ರಿ ರೆಕಾರ್ಡರನ್ನು ಗದ್ದೆ ಅಂಚಿನಲ್ಲಿ ಬಿಟ್ಟು ಬಂದು, ಎರಡು ಗಂಟೆ ಕಳೆದು ತರಲು ಹೋದರು. ಬೆಳಿಗ್ಗೆ ಕೇಳಿದಾಗ ಬೇಕಾದದ್ದೆಲ್ಲ ಕಡತದ ಕೊನೆಯ ಕೆಲವು ನಿಮಿಷಗಳಲ್ಲಿತ್ತು. ತುಂಬು ಗೋಷ್ಠಿ ನಡೆದಿದೆ. ಎಡಗಡೆ ತೀರ ಹತ್ತಿರದ ಒಂದು ಕಪ್ಪೆ ನಿಲ್ಲುತ್ತದೆ. ಅದರ ಪಕ್ಕದ್ದು. ಆಮೇಲೆ ನಾಲ್ಕೈದು ಒಟ್ಟಿಗೆ. ದೂರದವು ಏನೂ ಆಗದ ಹಾಗೆ ಕೂಗುತ್ತಲೇ ಇವೆ. ಗೋಷ್ಠಿಯಲ್ಲೊಂದು ತೂತು ಬಿದ್ದು, ಅದು ಎಡದಿಂದ ನಡುವಿಗೆ ಸರಿಯುತ್ತಾ ಬರುತ್ತದೆ. ಅದೆಲ್ಲ ಆದ ಮೇಲಷ್ಟೇ ವಿನ್ಯಾಸಕಿಯ ಸ್ವಂತ ಚಪ್ಪಲಿಯ ಪಚ್ ಪಚ್ ಕೇಳಿಸುತ್ತದೆ.

ಹೆಜ್ಜೆಗಿಂತ ಮೊದಲು ಮೌನ ಬಂದಿತ್ತು, ದಿಕ್ಕನ್ನೂ ದೂರವನ್ನೂ ಹೊತ್ತು ತಂದಿತ್ತು. ಹಾಳೆಯ ಮೇಲಿನ ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಸಿಕ್ಕಿತ್ತು.

ಮೌನವನ್ನು ಕಟ್ಟಿದ ಬಗೆ

ಹಿಂತಿರುಗಿದ ಮೇಲೆ ಧ್ವನಿಯ ಕೆಲಸವನ್ನೆಲ್ಲ ಎಫ್‌ಮಾಡ್ ಸ್ಟುಡಿಯೋ ಎಂಬ ಆಟದ ಧ್ವನಿಯ ತಂತ್ರಾಂಶಕ್ಕೆ ಸಾಗಿಸಿದರು. ನಕ್ಷೆಯ ಗದ್ದೆ, ಹಳ್ಳ, ಬಾವಿಕಟ್ಟೆಗಳಲ್ಲಿ 40 ಕಪ್ಪೆ ತಾಣಗಳನ್ನಿಟ್ಟರು. ಪ್ರತಿ ತಾಣಕ್ಕೂ 0ಯಿಂದ 1ರವರೆಗಿನ ಒಂದು ಬೆಲೆ, ಅದಕ್ಕೆ ತಂಡದವರು ಇಟ್ಟ ಹೆಸರು "ಧೈರ್ಯ". ಜೀವ 14 ಮೀಟರಿನೊಳಗೆ ಬಂದರೆ ಧೈರ್ಯ ಇಳಿಯುತ್ತದೆ. ಅದು ದೂರ ಹೋದ ಮೇಲೆ 8ರಿಂದ 20 ಸೆಕೆಂಡಿನ ನಡುವೆ ಯಾವಾಗಲೋ ಒಂದು ಕಪ್ಪೆ ಮೊದಲು ದನಿ ತೆಗೆಯುತ್ತದೆ, ಉಳಿದವು ಅದನ್ನು ಹಿಂಬಾಲಿಸುತ್ತವೆ.

ಮೊದಲ ರೂಪ ಕೆಟ್ಟಿತು. ಪ್ರತಿ ತಾಣಕ್ಕೂ ಹನ್ನೆರಡು ಸೆಕೆಂಡಿಗೊಮ್ಮೆ ಮತ್ತೆ ಮೊದಲಿಂದ ಶುರುವಾಗುವ ಒಂದು ಸುತ್ತು ಸದ್ದನ್ನು ಹಾಕಿ, ಧೈರ್ಯ ಇಳಿದಾಗ ಗಟ್ಟಿತನವನ್ನು 0.4 ಸೆಕೆಂಡಿನಲ್ಲಿ ಇಳಿಸುವಂತೆ ಮಾಡಿದ್ದರು. ಆಡಿದವರು "ಸೌಂಡ್ ಕಟ್ ಆಯ್ತು, ಬಗ್ ಇದೆ" ಎಂದು ಬರೆದುಕೊಟ್ಟರು. ಕಾರಣ ಸ್ಪಷ್ಟವಿದೆ. ಕಪ್ಪೆ ದನಿ ತಗ್ಗಿಸುತ್ತಾ ಸುಮ್ಮನಾಗುವುದಿಲ್ಲ, ಒಂದು ಕೂಗು ಮುಗಿಸಿ ಮುಂದಿನದನ್ನು ಕೂಗುವುದಿಲ್ಲ. ಕೂಗಿನ ನಡುವೆಯೇ ಸದ್ದು ಕುಗ್ಗಿದರೆ ಕಿವಿ ಅದನ್ನು ಯಂತ್ರದ ದೋಷವೆಂದೇ ಓದುತ್ತದೆ. ಹಾಗಾಗಿ ಸುತ್ತುಗಳನ್ನು ಕಿತ್ತುಹಾಕಿ, 0.3ರಿಂದ 0.8 ಸೆಕೆಂಡಿನ ಬಿಡಿ ಕೂಗುಗಳನ್ನು ಕತ್ತರಿಸಿ, ಒಂದೊಂದು ಕಪ್ಪೆಗೆ ಎಂಟರಿಂದ ಹನ್ನೆರಡು ಕೂಗು ಕೊಟ್ಟರು. ಸ್ವರದಲ್ಲಿ ಅರ್ಧ ಸೆಮಿಟೋನ್, ಗಟ್ಟಿತನದಲ್ಲಿ 2 ಡೆಸಿಬೆಲ್ ಅತ್ತಿತ್ತ. ಇದಕ್ಕಿಂತ ಹೆಚ್ಚು ಸ್ವರ ಬದಲಿಸಿದರೆ ಒಂದೇ ಕಪ್ಪೆ ಹತ್ತು ಕಪ್ಪೆಯಾಗಿ ಕೇಳಿಸಿ, ತಾಣದ ಗುರುತು ಅಳಿಸುತ್ತದೆ. ಧೈರ್ಯ ಇಳಿದರೆ ಹೊಸ ಕೂಗು ಹುಟ್ಟುವುದಿಲ್ಲ, ಹುಟ್ಟಿದ್ದು ಪೂರ್ತಿಯಾಗಿ ಮುಗಿಯುತ್ತದೆ.

ದನಿಗಳ ಮಿತಿಯನ್ನು ಮತ್ತೆ ಮುಟ್ಟಬಾರದಲ್ಲ. ಹತ್ತಿರದ 12 ತಾಣಗಳು ಮಾತ್ರ ನಿಜವಾಗಿ ಕೇಳಿಸುತ್ತವೆ, ಉಳಿದವು ಲೆಕ್ಕದಲ್ಲಷ್ಟೇ ಇರುತ್ತವೆ, ಅವುಗಳ ಬದಲಿಗೆ ದೂರದ ಗೋಷ್ಠಿಯ ಒಂದೇ ಸ್ಟೀರಿಯೋ ಹಿನ್ನೆಲೆ ಹಾಸು. ಆ ಹಾಸು ಎಂದೂ ನಿಲ್ಲುವುದಿಲ್ಲ. ದೂರದ್ದು ಕೇಳಿಸುತ್ತಿದ್ದರೆ ತಾನೇ ಹತ್ತಿರದ ಮೌನ ತೂತಾಗಿ ಕೇಳಿಸುವುದು. ಜೀವದ ಹೆಜ್ಜೆಗೆ ಎಲ್ಲಕ್ಕಿಂತ ಮೇಲಿನ ಆದ್ಯತೆ, ಕನಿಷ್ಠ ದೂರ 4 ಮೀಟರ್, 35 ಮೀಟರಿಗೆ ಸೊನ್ನೆಯಾಗುವ ರೇಖೆ. ಹದಿನಾರು ಮೀಟರಿನಲ್ಲಿ ಈಗ ಇಳಿಕೆ ಸುಮಾರು 12 ಡೆಸಿಬೆಲ್, ಮೊದಲಿನ ಅರ್ಧ. ಹನಿಹನಿಯ ಸದ್ದುಗಳೆಲ್ಲ ಹೋದವು.

ಆದರೂ ಮಳೆ ಜೋರಾದರೆ ಕಪ್ಪೆಯ ಮೌನ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಳೆಯ ಸದ್ದುಗಳೆಲ್ಲ ಒಟ್ಟುಗೂಡಿ ಹರಿಯುವ ಹಾದಿಯಲ್ಲಿ (ಇದಕ್ಕೆ ಬಸ್ ಎನ್ನುತ್ತಾರೆ) 2,000ದಿಂದ 4,500 ಹರ್ಟ್ಸ್ ನಡುವೆ 5 ಡೆಸಿಬೆಲ್ ಅಗಲವಾಗಿ ತಗ್ಗಿಸಿ ಕಪ್ಪೆಗಳಿಗೆ ಜಾಗ ಬಿಡಿಸಿದರು. ಅದಕ್ಕಿಂತ ಆಳಕ್ಕೆ ಕೆತ್ತಿದರೆ ಮಳೆ ಡಬ್ಬಿಯೊಳಗಿನ ಮಳೆಯಂತಾಗುತ್ತದೆ. ಇಷ್ಟರಿಂದ ಅರ್ಧ ಕೆಲಸವಾಯಿತು. ಉಳಿದರ್ಧವನ್ನು ಮಾಡಿದ್ದು ಇನ್ನೊಂದು ತೀರ್ಮಾನ, ಈ ಪ್ರಕರಣದಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ.

ಮಲೆನಾಡಿನ ಮಳೆ ಒಂದೇ ಸಮನೆ ಸುರಿಯುವುದಿಲ್ಲ. ಜೋರಾಗಿ ಹೊಡೆದು, ಹೊಳವಾಗಿ, ಮತ್ತೆ ಹಿಡಿಯುತ್ತದೆ. ವಿನ್ಯಾಸಕಿ ಮಳೆಗೆ ಮೂರು ಹಂತ ಕೊಟ್ಟು, 40ರಿಂದ 70 ಸೆಕೆಂಡಿನ ಹೊಳವುಗಳನ್ನು ನಡುವೆ ಇಟ್ಟರು. ಹೊಳವಿನಲ್ಲಿ ಎಲ್ಲ ಕೇಳಿಸುತ್ತದೆ. ಹಾಗಾದರೆ ಜೋರು ಮಳೆಯಲ್ಲಿ? ಅಲ್ಲಿ ಆಡುವವರೂ ಕಿವುಡು, ಹಿಂಬಾಲಿಸುವುದೂ ಕಿವುಡು ಎಂದು ಆಟದ ನಿಯಮವನ್ನೇ ಬದಲಿಸೋಣ ಎಂದರು. ಜೋರು ಮಳೆಯಲ್ಲಿ ಓಡಬಹುದು, ಹೊಳವಿನಲ್ಲಿ ನಿಂತು ಕೇಳಬೇಕು. ಕಪ್ಪೆಗಳನ್ನು ಆಡುವವರೂ ಹೆದರಿಸಬಲ್ಲರು: ಓಡಿದರೆ 4 ಮೀಟರ್ ಸುತ್ತ, ಬಗ್ಗಿ ನಡೆದರೆ 1.5 ಮೀಟರ್. ಆ ಮೌನವನ್ನು ಜೀವವೂ ಗಮನಿಸುತ್ತದೆ. ಅದು ನಡಿಗೆ ನಿಲ್ಲಿಸಿ, ಮೌನದ ಕಡೆ ತಿರುಗಿ ಬರತೊಡಗಿದರೆ ಗಮನಿಸಿದೆ ಎಂದೇ ಅರ್ಥ. ಮೂರನೆಯ ಪ್ರಶ್ನೆಯ ಉತ್ತರ ಹೀಗೆ ಸಿಕ್ಕಿತು.

ಆಟದ ವಿನ್ಯಾಸಕ ಇದನ್ನು ಒಪ್ಪಲು ನಾಲ್ಕು ದಿನ ತೆಗೆದುಕೊಂಡರು. ಧ್ವನಿಯ ಕೆಲಸಕ್ಕೆ ಬಂದವರು ಶತ್ರುವಿನ ನಡವಳಿಕೆಯನ್ನು ತಿದ್ದುವುದು ಅವರ ಅನುಭವದಲ್ಲಿ ಇರಲಿಲ್ಲ. ಒಪ್ಪಿಸಿದ್ದು ವಾದವಲ್ಲ, ಒಂದು ಮಾದರಿ. ಪರದೆಯನ್ನು ಪೂರ್ತಿ ಕಪ್ಪು ಮಾಡಿ, ಬರೀ ಕಿವಿಯಿಂದ ಹಳ್ಳ ದಾಟಿ ನೋಡಿ ಎಂದು ಕೊಟ್ಟರು. ಎರಡನೇ ಯತ್ನದಲ್ಲಿ ಅವರು ದಾಟಿದರು.

ಸಣ್ಣ ಕೆಲಸಗಳು, ದೊಡ್ಡ ಎಡವಟ್ಟುಗಳು

ಜೀವದ ಹೆಜ್ಜೆಯನ್ನು ಹೊಸದಾಗಿ ಮಾಡಿದರು. ಒದ್ದೆ ಗೋಣಿಚೀಲವನ್ನು ಕೆಸರಿನ ತಟ್ಟೆಗೆ ಒತ್ತಿದ್ದು ತೂಕಕ್ಕೆ. ರಾತ್ರಿಯಿಡೀ ನೆನೆಸಿದ ಅಡಿಕೆ ಹಾಳೆಯನ್ನು ನಿಧಾನ ಬಗ್ಗಿಸಿದ್ದು ಕೀಲಿನ ಸದ್ದಿಗೆ. ಒಣ ಹಾಳೆ ಚಟ್ ಎಂದು ಮುರಿಯುತ್ತದೆ, ನೆನೆದದ್ದು ನರಳುತ್ತದೆ. ಫೋನಿನ ಸ್ಪೀಕರಿಗಾಗಿ 800ರಿಂದ 1,500 ಹರ್ಟ್ಸ್‌ನ ಒಂದು ಪಚಕ್ ಪದರವನ್ನೂ ಸೇರಿಸಿದರು. ಎಂಟು ಹೆಜ್ಜೆಗಳಿದ್ದವು, ಹದಿನಾರು ಮಾಡಿದರು, ಕೊನೆಯ ಮೂರು ಮತ್ತೆ ಬರದಂತೆ ತಡೆದರು.

ಆಂಡ್ರಾಯ್ಡಿನಲ್ಲಿ ಧ್ವನಿಗೆ ಕೊಟ್ಟ ಮೆಮೊರಿ 60 ಮೆಗಾಬೈಟ್. 48 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೋ ಸದ್ದು ಕುಗ್ಗಿಸದಿದ್ದರೆ ಸೆಕೆಂಡಿಗೆ 192 ಕಿಲೋಬೈಟ್. ನಿಮಿಷದ ಒಂದು ಮಳೆ ಸುತ್ತಿಗೆ ಹನ್ನೊಂದೂವರೆ ಮೆಗಾಬೈಟ್ ಬೇಕು. ಆದ್ದರಿಂದ ಉದ್ದದ ಮಳೆಗಳನ್ನು ಗಾತ್ರ ಬಹಳ ತಗ್ಗಿಸುವ ವೋರ್ಬಿಸ್ ರೂಪಕ್ಕೆ ಕುಗ್ಗಿಸಿ ಡಿಸ್ಕಿನಿಂದ ಸ್ಟ್ರೀಮ್ ಮಾಡಿದರು. ತಡವಿಲ್ಲದೆ ಹೊರಡಬೇಕಾದ ಕೂಗು, ಹೆಜ್ಜೆಗಳನ್ನು ಬೇಗ ಬಿಚ್ಚಿಕೊಳ್ಳುವ ಎಡಿಪಿಸಿಎಂ ರೂಪದಲ್ಲಿ ಮೆಮೊರಿಯಲ್ಲೇ ಇಟ್ಟರು. ಮಳೆಯ ಎರಡು ಪದರಗಳ ಉದ್ದ 47 ಮತ್ತು 61 ಸೆಕೆಂಡ್. ಎರಡೂ ಅವಿಭಾಜ್ಯ ಸಂಖ್ಯೆಗಳಾದ್ದರಿಂದ ಜೋಡಿ ಮೊದಲಿನ ಸ್ಥಿತಿಗೆ ಬರಲು 2,867 ಸೆಕೆಂಡ್, ಅಂದರೆ ಸುಮಾರು 48 ನಿಮಿಷ ಬೇಕು. ಒಂದೇ ಸುತ್ತಿನ ಮಳೆಯಿಂದ ಬರುತ್ತಿದ್ದ ದಣಿವು ಇದರಿಂದ ಬಹಳ ಮಟ್ಟಿಗೆ ತಗ್ಗಿತು.

ಬಿಡುಗಡೆಗೆ ಮೂರು ವಾರ ಇರುವಾಗ ಮಳೆ ಬಿಕ್ಕಳಿಸತೊಡಗಿತು. ಗಾತ್ರ ಉಳಿಸಲು ಯಾರೋ ಮಳೆಯ ಮೂಲ ಕಡತಗಳನ್ನು ಎಂಪಿ3ಗೆ ಬದಲಿಸಿ ಮತ್ತೆ ಸೇರಿಸಿದ್ದರು. ಎಂಪಿ3 ಎನ್‌ಕೋಡರ್ ಕಡತದ ತಲೆಗೂ ಬಾಲಕ್ಕೂ ಚೂರು ಮೌನ ಸೇರಿಸುತ್ತದೆ, ಸುತ್ತು ತಿರುಗಿದಾಗಲೆಲ್ಲ ಆ ಬಿರುಕು ಕೇಳಿಸುತ್ತದೆ. ಮೌನಕ್ಕೇ ಅರ್ಥವಿರುವ ಆಟದಲ್ಲಿ ಇದು ಸಣ್ಣ ತಪ್ಪಲ್ಲ. ಬಿಕ್ಕಳಿಕೆ ಕೇಳಿದ ಒಬ್ಬರು ಜೀವ ಬಂತೆಂದು ಹತ್ತು ನಿಮಿಷ ಕೊಟ್ಟಿಗೆಯಲ್ಲಿ ಅಡಗಿ ಕುಳಿತಿದ್ದರು. ಅಂದಿನಿಂದ ಮೂಲ ಕಡತ ಕುಗ್ಗಿಸದ ವೇವ್ ಮಾತ್ರ, ಕುಗ್ಗಿಸುವುದು ಎಂಜಿನ್ನಿನ ಕೆಲಸ ಎಂದು ನಿಯಮ ಮಾಡಿದರು.

ಒಟ್ಟು ಗಟ್ಟಿತನವನ್ನು ಕಂಪ್ಯೂಟರಿಗೆ ಮೈನಸ್ 24 ಎಲ್‌ಯುಎಫ್‌ಎಸ್ (ಕಿವಿಗೆ ತೋರುವ ಗಟ್ಟಿತನದ ಅಳತೆ), ಫೋನಿಗೆ ಮೈನಸ್ 18ರ ಆಸುಪಾಸಿಗೆ ಇಟ್ಟರು. ಬ್ಲೂಟೂತ್ ಇಯರ್‌ಫೋನಿನ ತಡಕ್ಕೆ ಪರಿಹಾರ ಸಿಗಲಿಲ್ಲ. ತಂತಿಯದ್ದನ್ನು ಬಳಸಿ ಎಂದು ಆರಂಭದಲ್ಲೇ ಬರೆದರು.

ಕಿವಿ ಕೇಳದವರ ಪ್ರಶ್ನೆಯನ್ನು ಎತ್ತಿದ್ದು ಚಿತ್ರಕಾರರಲ್ಲೊಬ್ಬರು. ಬಾಣದ ಗುರುತು ಹಾಕಿದರೆ ಆಟ ಬೇರೆಯಾಗುತ್ತದೆ. ಅವರೇ ಸೂಚಿಸಿದ ಉತ್ತರ ಮಿಂಚುಹುಳು. ಮಳೆಗಾಲದ ಆರಂಭದ ರಾತ್ರಿಗಳಲ್ಲಿ, ಹೊಳವಿನಲ್ಲಿ, ಜೀವವಿರುವ ಕಡೆಯ ಮಿಂಚುಹುಳುಗಳು ಆರುತ್ತವೆ. ಕಪ್ಪೆಯ ಧೈರ್ಯದ ಬೆಲೆಯನ್ನೇ ಅವಕ್ಕೂ ಕೊಟ್ಟರು. ಈ ಏರ್ಪಾಡನ್ನು ಸೆಟ್ಟಿಂಗಿನಲ್ಲಿ ಬೇಕಾದವರು ಹೆಚ್ಚಿಸಿಕೊಳ್ಳಬಹುದು.

ಏನಾಯಿತು

ಎರಡನೇ ಸಲ ಆಡಿಸಿ ನೋಡಿದಾಗ ಎದ್ದು ಕಂಡದ್ದು ಆಡುವವರ ಕೈ. ಮೊದಲ ಸಲ ಎಲ್ಲರ ಬೆರಳು ಮುಂದೆ ಹೋಗುವ ಕೀಲಿಯ ಮೇಲೆ ಒತ್ತಿದಂತೆಯೇ ಇರುತ್ತಿತ್ತು. ಈಗ ಹಳ್ಳದ ದಂಡೆಗೆ ಬಂದ ಒಬ್ಬಾಕೆಯ ಬೆರಳು ಕೀಲಿಯಿಂದ ಅರ್ಧ ಇಂಚು ಮೇಲೆದ್ದು ನಿಂತಿತು. ತಲೆ ಸ್ವಲ್ಪ ಬಲಕ್ಕೆ ವಾಲಿತು. ಉಸಿರು ಬಿಗಿಹಿಡಿದು ಐದಾರು ಸೆಕೆಂಡ್ ಹಾಗೇ ಇದ್ದು, ಎಡಗಡೆಯ ದಾರಿ ಹಿಡಿದರು. ಜೀವ ಬಲಗಡೆ ಇತ್ತು. ಹೇಗೆ ಗೊತ್ತಾಯಿತೆಂದು ಕೇಳಿದರೆ, "ಆ ಕಡೆ ಏನೋ ಸರಿ ಇರ್ಲಿಲ್ಲ" ಎಂದರು. ಕಪ್ಪೆಯ ಮಾತೇ ಬರಲಿಲ್ಲ. ಆಡಿದವರಲ್ಲಿ ಅನೇಕರು ಹೀಗೇ, ಕಾರಣ ಹೆಸರಿಸಲಾಗದೆ ಸರಿಯಾದ ಕಡೆ ನಡೆದರು. ತೀರ್ಥಹಳ್ಳಿಯ ಹುಡುಗನನ್ನು ಮತ್ತೆ ಕರೆಸಿದ್ದರು. ಅವನಿಗೆ ಎರಡನೇ ನಿಮಿಷಕ್ಕೇ ಎಲ್ಲ ಅರ್ಥವಾಯಿತು.

ಎಲ್ಲರಿಗೂ ಆಗಲಿಲ್ಲ ಎಂಬುದನ್ನೂ ಹೇಳಬೇಕು. ಬಸ್ಸಿನಲ್ಲಿ ಫೋನ್ ಸ್ಪೀಕರಿನಲ್ಲಿ ಆಡಿದವರಿಗೆ ಕಪ್ಪೆಯೂ ಇಲ್ಲ, ಮೌನವೂ ಇಲ್ಲ. ಮೌನದ ಅರ್ಥವನ್ನು ಕಲಿಸದೆ ಬಿಟ್ಟಿದ್ದ ಮೊದಲ ಅಧ್ಯಾಯವನ್ನೂ ತಿದ್ದಬೇಕಾಯಿತು. ಈಗ ಆಟ ಶುರುವಾಗುವುದೇ ಮನೆಯ ಹಿಂದಿನ ಕೆರೆದಂಡೆಯಲ್ಲಿ. ಅಲ್ಲಿ ಅಪಾಯವಿಲ್ಲ. ಓಡಿದರೆ ಕಪ್ಪೆಗಳು ನಿಲ್ಲುತ್ತವೆ, ಸುಮ್ಮನೆ ನಿಂತರೆ ಮತ್ತೆ ಕೂಗುತ್ತವೆ. ಒಂದಕ್ಷರದ ವಿವರಣೆಯಿಲ್ಲದೆ ಜನ ಕಲಿತುಕೊಂಡರು.

ಬೆಲೆಯೂ ತೆತ್ತರು. ಬಿಡುಗಡೆ ಆರು ವಾರ ಮುಂದೆ ಹೋಯಿತು. ಕಪ್ಪೆ ಇರಬೇಕಾದರೆ ನೀರು ಬೇಕಲ್ಲ. ಎರಡು ಅಧ್ಯಾಯಗಳ ನಕ್ಷೆಯಲ್ಲಿ ಗದ್ದೆ, ಹಳ್ಳಗಳನ್ನು ಸರಿಸಬೇಕಾಗಿ ಬಂದು, ಮುಗಿಸಿದ್ದ ಚಿತ್ರ ಕೆಲಸವನ್ನು ಮತ್ತೆ ಮಾಡಿದರು. ಇದೇ ತೀರ್ಮಾನ ಎರಡನೇ ತಿಂಗಳಲ್ಲಿ ಆಗಿದ್ದರೆ ನಕ್ಷೆ ಮೊದಲಿಂದಲೇ ನೀರಿನ ಸುತ್ತ ಬೆಳೆಯುತ್ತಿತ್ತು. ಧ್ವನಿಯವರನ್ನು ತಡವಾಗಿ ಕರೆದದ್ದರ ನಿಜವಾದ ಖರ್ಚು ಇಲ್ಲಿದೆ. ಸದ್ದು ತಯಾರಿಸಲು ಐದು ವಾರ ಹಿಡಿದರೆ, ಸದ್ದಿಗೆ ತಕ್ಕಂತೆ ಆಟವನ್ನು ತಿದ್ದಲು ಅದಕ್ಕಿಂತ ಹೆಚ್ಚು ಹಿಡಿಯಿತು.

ಇಂಥದೇ ಕೆಲಸದಲ್ಲಿರುವ ತಂಡಗಳು ಇಲ್ಲಿಂದ ನೇರವಾಗಿ ಎತ್ತಿಕೊಳ್ಳಬಹುದಾದದ್ದು ಆ ಒಂದು ಹಾಳೆ. ಸದ್ದಿನ ಪಟ್ಟಿಗೆ ಮೊದಲು ತಿಳಿವಿನ ಪಟ್ಟಿ. ಆಡುವವರಿಗೆ ಏನು ತಿಳಿಯಬೇಕೆಂದು ಬರೆದ ಮೇಲೆ ಪ್ರತಿ ಸದ್ದನ್ನೂ ಅದರ ಎದುರು ಇಟ್ಟು, ಇದು ಉತ್ತರವೋ ಅಡ್ಡಿಯೋ ಎಂದು ಕೇಳಬೇಕು. ಅಡ್ಡಿಯಾದದ್ದನ್ನು ತೆಗೆಯುವುದು ಧ್ವನಿ ವಿನ್ಯಾಸದ ಸೃಜನಶೀಲ ಭಾಗವೇ. ಇಲ್ಲಿ ತೆಗೆದ ಸದ್ದುಗಳು ಹಾಕಿದವುಗಳಿಗಿಂತ ಹೆಚ್ಚು. ಇನ್ನೊಂದು, ಎಂಜಿನ್ ತಾನಾಗಿ ಇಟ್ಟಿರುವ ಬೆಲೆಗಳನ್ನು ಮೊದಲ ವಾರದಲ್ಲೇ ತೆರೆದು ನೋಡಬೇಕು. 32, 128, ಒಂದು ಮೀಟರ್, ಈ ಮೂರು ಸಂಖ್ಯೆಗಳು ಹತ್ತು ತಿಂಗಳು ಯಾರ ಕಣ್ಣಿಗೂ ಬೀಳದೆ ಆಟವನ್ನು ಹಾಳುಮಾಡುತ್ತಿದ್ದವು. ಮುಚ್ಚಿಹೋಗುವಿಕೆಯನ್ನು ಗಟ್ಟಿತನದಿಂದ ಗೆಲ್ಲಲಾಗದು. ಕಂಪನಾಂಕದಲ್ಲೋ ಕಾಲದಲ್ಲೋ ಜಾಗ ಬಿಡಿಸಬೇಕು, ಮಳೆಯ ಹೊಳವು ಮಾಡಿದ್ದು ಎರಡನೆಯದನ್ನು.

ಬಗೆಹರಿಯದೆ ಉಳಿದದ್ದು ಹಗಲಿನ ಅಧ್ಯಾಯ. ಹಗಲಿಗೆ ಕಪ್ಪೆ ಗೋಷ್ಠಿ ಇಲ್ಲ. ಹರಟೆಮಲ್ಲ ಹಕ್ಕಿಗಳನ್ನು ಹಾಕಿ ನೋಡಿದರು. ಅವುಗಳ ಸ್ವಭಾವ ತಿರುಗುಮುರುಗು, ಅಪಾಯ ಕಂಡರೆ ಗುಂಪಾಗಿ ಕಿರುಚುತ್ತವೆ. ರಾತ್ರಿ ಮೌನವೆಂದರೆ ಅಪಾಯ, ಹಗಲು ಗಲಾಟೆಯೆಂದರೆ ಅಪಾಯ ಎಂದಾಗ ಆಡುವವರು ಎರಡನ್ನೂ ನಂಬುವುದು ಬಿಟ್ಟರು. ಹಕ್ಕಿಗಳನ್ನು ಸುಮ್ಮನಾಗುವಂತೆ ಮಾಡಬಹುದಿತ್ತು, ಆದರೆ ಅದು ಸುಳ್ಳಾಗುತ್ತಿತ್ತು, ವಿನ್ಯಾಸಕಿ ಒಪ್ಪಲಿಲ್ಲ. ಕೊನೆಗೆ ಹಗಲಿನ ಅಧ್ಯಾಯದಿಂದ ಜೀವವನ್ನೇ ತೆಗೆದರು. ಈಗ ಅಲ್ಲಿರುವುದು ಹನ್ನೆರಡು ನಿಮಿಷ ಬಿಸಿಲು, ಸೂರಿನ ಹನಿ, ಹರಟೆಮಲ್ಲಗಳ ಜಗಳ.